ತಿಂಗಳ ಚಂದಾ ಕಟ್ಟಿದರೆ ಫೋನ್ ಎತ್ತುವ ಡಾಕ್ಟರು

ಅಮೆರಿಕದಲ್ಲಿ ಡಾಕ್ಟರಿಕೆ ಮಾಡುವವರು ನಾಡಿ ನೋಡಲು ಕಲಿತರಷ್ಟೇ ಸಾಲದು, ಸಂಖ್ಯೆ ಬರೆಯಲೂ ಕಲಿಯಬೇಕು. ಪರಿಚಯದ ರೋಗಿ ಸಾಧಾರಣ ತೊಂದರೆಗೆ ಬಂದುಹೋದರೆ 99213. ತೊಂದರೆ ತುಸು ಜಟಿಲವಾಗಿದ್ದರೆ 99214, ಅದಕ್ಕೆ ಹಣವೂ ಹೆಚ್ಚು. ಕಾಯಿಲೆಗೆ ಮತ್ತೊಂದು ಸಂಖ್ಯೆ; ಆ ಪಟ್ಟಿಯಲ್ಲಿ ಸುಮಾರು 70 ಸಾವಿರ ನಮೂದುಗಳಿವೆ. ಕೋಳಿ ಕುಕ್ಕಿದ್ದಕ್ಕೂ ಒಂದಿದೆ: ಡಬ್ಲ್ಯು 61.33. ತಮಾಷೆಗೆ ಹೇಳುತ್ತಿಲ್ಲ. ಸಂಖ್ಯೆ ತಾಳೆಯಾಗದಿದ್ದರೆ ವಿಮಾ ಕಂಪನಿ ಬಿಲ್ಲನ್ನು ವಾಪಸ್ ಕಳಿಸುತ್ತದೆ. ಹಾಗಾಗಿ ಬಿಲ್ಲಿನ ಹಿಂದೆ ಓಡಾಡಲೆಂದೇ ಕ್ಲಿನಿಕ್ಕುಗಳು ಸಿಬ್ಬಂದಿ ಇಟ್ಟುಕೊಳ್ಳುತ್ತವೆ. ರೋಗಿಯ ಎದುರು ಕಳೆಯುವ ಪ್ರತಿ ಗಂಟೆಗೆ ಡಾಕ್ಟರು ಕಂಪ್ಯೂಟರ್ ಮತ್ತು ಕಾಗದಪತ್ರದ ಮುಂದೆ ಹೆಚ್ಚುಕಡಿಮೆ ಎರಡು ಗಂಟೆ ಕೂರುತ್ತಾರೆಂದು 2016ರ ಅಧ್ಯಯನವೊಂದು ಲೆಕ್ಕ ಹಾಕಿತ್ತು.

ಈ ರಗಳೆಯೇ ಬೇಡವೆಂದು ಕೆಲವು ಡಾಕ್ಟರುಗಳು ಹಿಡಿದ ದಾರಿ ಡೈರೆಕ್ಟ್ ಪ್ರೈಮರಿ ಕೇರ್. ವಿಮಾ ಕಂಪನಿಯ ಜತೆ ವ್ಯವಹಾರವೇ ಇಲ್ಲ. ರೋಗಿ ತಿಂಗಳಿಗಿಷ್ಟು ಎಂದು ಚಂದಾ ಕಟ್ಟುತ್ತಾರೆ, ಸಾಮಾನ್ಯವಾಗಿ 50ರಿಂದ 100 ಡಾಲರ್. ಆಮೇಲೆ ಎಷ್ಟು ಸಲ ಬಂದರೂ, ಫೋನ್ ಮಾಡಿದರೂ, ಮೆಸೇಜ್ ಕಳಿಸಿದರೂ ಬೇರೆ ಫೀ ಇಲ್ಲ.

ಇದರ ಬೇರು ಸಿಯಾಟಲ್ ನಗರದಲ್ಲಿದೆ. ಅಲ್ಲಿನ ವೈದ್ಯ ಗ್ಯಾರಿಸನ್ ಬ್ಲಿಸ್ 1997ರಲ್ಲೇ ತಿಂಗಳ ಫೀ ಪದ್ಧತಿಗೆ ಹೊರಳಿದರು. ಶ್ರೀಮಂತರಿಗೆಂದೇ ಇಂಥ ಸೇವೆ ಅದೇ ಊರಿನಲ್ಲಿ ಅದಕ್ಕೂ ಮುಂಚೆ ಶುರುವಾಗಿತ್ತು; ಬ್ಲಿಸ್ ಅದನ್ನು ಮಧ್ಯಮ ವರ್ಗಕ್ಕೆ ಎಟುಕುವ ಬೆಲೆಗೆ ಇಳಿಸಲು ಹೊರಟರು. 2010ರಲ್ಲಿ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಶುರುವಾದ ಅಟ್ಲಾಸ್ ಎಂ.ಡಿ. ಕ್ಲಿನಿಕ್ ಇನ್ನೂ ಸರಳ ದರಪಟ್ಟಿ ತಂದಿತು. ಆರಂಭದ ವರ್ಷಗಳಲ್ಲಿ ಮಕ್ಕಳಿಗೆ ತಿಂಗಳಿಗೆ 10 ಡಾಲರ್, ದೊಡ್ಡವರಿಗೆ ವಯಸ್ಸಿಗೆ ತಕ್ಕಂತೆ 50, 75, 100. ಮಾತ್ರೆಗಳನ್ನು ಸಗಟು ದರಕ್ಕೆ ತರಿಸಿ ಹೆಚ್ಚು ಲಾಭ ಇಟ್ಟುಕೊಳ್ಳದೆ ಕೊಡುವುದು, ರಕ್ತಪರೀಕ್ಷೆಗೆ ಲ್ಯಾಬಿನ ಜತೆ ಮೊದಲೇ ಚೌಕಾಸಿ ಮಾಡಿಕೊಳ್ಳುವುದು ಅವರ ಪದ್ಧತಿ. ಇಂಥ ಅನೇಕ ಕ್ಲಿನಿಕ್ಕುಗಳು ಈಗ ಅದನ್ನೇ ಮಾಡುತ್ತಿವೆ.

ಲೆಕ್ಕ ಹೇಗೆ ಕೂಡುತ್ತದೆ? 600 ಸದಸ್ಯರು, ತಲಾ 70 ಡಾಲರ್ ಎಂದಿಟ್ಟುಕೊಳ್ಳಿ. ತಿಂಗಳಿಗೆ 42 ಸಾವಿರ ಡಾಲರ್ ಆಯಿತು. ಬಿಲ್ಲಿನ ಸಿಬ್ಬಂದಿಯ ಸಂಬಳ ಉಳಿಯಿತು. ಬಾಡಿಗೆ, ನರ್ಸ್, ಡಾಕ್ಟರು ಎಲ್ಲ ಅಷ್ಟರಲ್ಲಿ ನಡೆಯಬಹುದು. ಮಾಮೂಲಿ ಪದ್ಧತಿಯ ಫ್ಯಾಮಿಲಿ ಡಾಕ್ಟರಿಗೆ 2000ಕ್ಕೂ ಹೆಚ್ಚು ರೋಗಿಗಳಿರುವುದು ಸಾಮಾನ್ಯ. ಒಬ್ಬೊಬ್ಬರಿಗೆ ಹದಿನೈದು ನಿಮಿಷ ಸಿಕ್ಕರೆ ಪುಣ್ಯ. ಇಲ್ಲಿ ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ.

ನನಗೆ ಇದರಲ್ಲಿ ನಿಜಕ್ಕೂ ಮುಖ್ಯವೆನಿಸುವುದು ಸಮಯಕ್ಕಿಂತ ಫೋನು. ಭೇಟಿಗಿಷ್ಟು ಎಂದು ಹಣ ಬರುವ ಕಡೆ ರೋಗಿಯನ್ನು ಕ್ಲಿನಿಕ್ಕಿಗೆ ಕರೆಸಿಕೊಂಡರಷ್ಟೇ ಸಂಪಾದನೆ. ಚಂದಾ ಮೊದಲೇ ಬಂದಿದ್ದರೆ, ಮಗುವಿನ ಮೈಮೇಲಿನ ಗುಳ್ಳೆಯ ಫೋಟೋ ನೋಡಿ ‘ಎರಡು ದಿನ ಕಾಯಿರಿ, ಬರುವುದು ಬೇಡ’ ಎಂದು ಹೇಳಿದರೆ ಡಾಕ್ಟರಿಗೆ ನಷ್ಟವಿಲ್ಲ, ತಾಯಿಗೆ ಅರ್ಧ ದಿನದ ರಜೆ ಉಳಿಯಿತು.

ಕಾರಿನ ವಿಮೆಯಿಂದ ಯಾರೂ ಪೆಟ್ರೋಲ್ ಹಾಕಿಸುವುದಿಲ್ಲ, ನೆಗಡಿ ಜ್ವರಕ್ಕೆ ವಿಮೆ ಯಾಕೆ ಎಂಬುದು ಈ ಪಂಥದವರ ಮೆಚ್ಚಿನ ವಾದ. ಕೇಳಲು ಚೆನ್ನಾಗಿದೆ. ಅಗ್ಗದ ಪಾಲಿಸಿಗಳಲ್ಲಿ ವಿಮೆ ಕೊಡಲು ಶುರುಮಾಡುವ ಮೊದಲು ರೋಗಿಯೇ ಕೈಯಿಂದ 7000 ಡಾಲರ್ ಆಸುಪಾಸು ಕಟ್ಟಬೇಕಾಗುವ ದೇಶದಲ್ಲಿ ಅದಕ್ಕೆ ಬಲವೂ ಇದೆ. ಆದರೆ ಪ್ರೀಮಿಯಂ ಒಂದು ಕಡೆ, ಚಂದಾ ಇನ್ನೊಂದು ಕಡೆ, ಎರಡನ್ನೂ ಕಟ್ಟುವ ತಾಕತ್ತು ಎಷ್ಟು ಜನಕ್ಕಿದೆ? ಇನ್ನೊಂದು ಪ್ರಶ್ನೆಗೆ ಈ ಡಾಕ್ಟರುಗಳಲ್ಲಿ ಸಮಾಧಾನಕರ ಉತ್ತರ ಇದ್ದಂತಿಲ್ಲ. 2000 ರೋಗಿಗಳಿದ್ದವರು 600 ಜನರನ್ನು ಇಟ್ಟುಕೊಂಡರೆ ಮಿಕ್ಕ 1400 ಮಂದಿ ಎಲ್ಲಿಗೆ ಹೋಗಬೇಕು? ಪ್ರಾಥಮಿಕ ವೈದ್ಯರ ಕೊರತೆ ಅಲ್ಲಿ ಮೊದಲೇ ಇದೆ. ಇದನ್ನು ದೊಡ್ಡದಾಗಿ ಬೆಳೆಸುವುದೂ ಸುಲಭವಲ್ಲ. ಬ್ಲಿಸ್ 2007ರಲ್ಲಿ ಸ್ಥಾಪಿಸಿದ ಕ್ಲೈಯನ್ಸ್ ಕಂಪನಿಗೆ ಅಮೆಜಾನಿನ ಜೆಫ್ ಬೆಜೋಸ್‌ ಅಂಥವರೇ ಹಣ ಹಾಕಿದ್ದರು. ಸರ್ಕಾರಿ ಮೆಡಿಕೇಯ್ಡ್ ಯೋಜನೆಯ ಬಡ ರೋಗಿಗಳನ್ನೂ ಅದು ಸೇರಿಸಿಕೊಂಡಿತ್ತು. 2017ರಲ್ಲಿ ಬಾಗಿಲು ಹಾಕಿತು. ಸಣ್ಣ ಕ್ಲಿನಿಕ್ಕಾಗಿ ಗೆದ್ದ ಪದ್ಧತಿ ದೊಡ್ಡ ವ್ಯವಸ್ಥೆಯಾಗಿ ನಿಲ್ಲುವುದು ಕಷ್ಟವೆಂದೇ ನನ್ನ ಅನಿಸಿಕೆ.

ನಮ್ಮ ಕಡೆಯ ಓದುಗರಿಗೆ ಇದೇನು ಹೊಸದು ಎನಿಸಬಹುದು. ಬೀದಿ ಕೊನೆಯ ಡಾಕ್ಟರಿಗೆ ಕೈಯಿಂದ ದುಡ್ಡು ಕೊಟ್ಟೇ ಬೆಳೆದವರು ನಾವು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಅದು ಮುಖ್ಯವಾಗಿ ಆಸ್ಪತ್ರೆಯ ಚಿಕಿತ್ಸೆಗೆ. ಖಾಸಗಿ ಕ್ಲಿನಿಕ್ಕಿಗೆ ಹೋದವರ ಬಿಪಿ, ಶುಗರ್ ಮಾತ್ರೆಯ ಖರ್ಚು ಜೇಬಿನದೇ. ದುಡ್ಡು ಕೊಡುವ ಬಗೆಯಲ್ಲಿ ಮಾತ್ರ ವ್ಯತ್ಯಾಸ. ನಾವು ಕಾಯಿಲೆ ಬಂದಾಗ ಕೊಡುತ್ತೇವೆ, ಅವರು ಬಾರದ ತಿಂಗಳೂ ಕೊಡುತ್ತಾರೆ.

ಅಲ್ಲಿನ ಕಾನೂನು ಈಚೆಗೆ ಇದಕ್ಕೆ ಅನುಕೂಲವಾಗಿದೆ. ತೆರಿಗೆ ವಿನಾಯಿತಿಯ ಆರೋಗ್ಯ ಉಳಿತಾಯ ಖಾತೆಯಿಂದ, 2026ರ ಜನವರಿ 1ರಿಂದ, ಈ ಚಂದಾ ಕಟ್ಟಬಹುದು; ಫೀ ಒಬ್ಬರಿಗೆ ತಿಂಗಳಿಗೆ 150 ಡಾಲರ್, ಕುಟುಂಬಕ್ಕೆ 300 ಡಾಲರ್ ಮೀರಬಾರದು.

ಮಗಳ ಬಾಣಂತನಕ್ಕೆಂದು ಆರು ತಿಂಗಳ ಮಾತ್ರೆಯನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಅಮೆರಿಕಕ್ಕೆ ಹೊರಡುವ ಅಪ್ಪ ಅಮ್ಮಂದಿರಿಗೆ ಇಂಥ ಕ್ಲಿನಿಕ್ ಉಪಯೋಗಕ್ಕೆ ಬರಬಹುದು, ಏಕೆಂದರೆ ಪ್ರವಾಸಿ ವಿಮೆ ಸಾಮಾನ್ಯವಾಗಿ ಹಳೆಯ ಕಾಯಿಲೆಗಳನ್ನು ಹೊರಗಿಡುತ್ತದೆ. ಸೇರುವ ಮೊದಲು ಮೂರು ಸಂಗತಿ ಕೇಳಿಕೊಳ್ಳಿ: ಒಂದೆರಡು ತಿಂಗಳಿಗಷ್ಟೇ ಸೇರಬಹುದೇ, ನೋಂದಣಿ ಶುಲ್ಕ ಬೇರೆ ಇದೆಯೇ, ರಾತ್ರಿ ಫೋನ್ ಎತ್ತುವವರು ಯಾರು. ಮತ್ತೆ, ಚಂದಾ ಕಟ್ಟಿದೆವೆಂದು ವಿಮೆಯನ್ನು ಕೈಬಿಡಬೇಡಿ. ಎದೆನೋವು ಬಂದು ಆಂಬುಲೆನ್ಸ್ ಹತ್ತಬೇಕಾದರೆ ಆ ಬಿಲ್ಲು ಈ ಡಾಕ್ಟರ ಚಂದಾದಲ್ಲಿ ಬರುವುದಿಲ್ಲ.