ಗೇರ್ ಲಿವರೂ ಅಡಕತ್ತರಿಯೂ

ಮದುವೆಯಾಗಿ ಮುಂಬಯಿಗೆ ಬರುವ ತನಕ, ಕರಾವಳಿಯವಳಾದ ನನಗೆ ಗೊತ್ತಿದ್ದ ಗೇರು ಒಂದೇ, ಗೇರುಬೀಜದ ಗೇರು. ಇನ್ನೊಂದು ಗೇರಿನ ಪಾಠ ಮಾಡಿದವಳು ನನ್ನ ಮಗಳು. ಕಾರಿನ ಹುಚ್ಚಿರುವ ನಿಮ್ಮಂಥ ಯುವಮಿತ್ರರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮಗಳು ಅಮೆರಿಕೆಯಲ್ಲಿ ಕೆಲಸದಲ್ಲಿದ್ದಾಳೆ. ಅವಳ ಕೈಗೆ ಬಂದದ್ದು 1999ರ ಮಾಡೆಲ್‌ನ ಮಾಜ್ಡಾ ಮಿಯಾಟಾ, ಇಬ್ಬರೇ ಕೂರುವ ಪುಟ್ಟ ಸ್ಪೋರ್ಟ್ಸ್ ಕಾರು. 1989ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ಹಿಂದೆ, ಕುದುರೆಯೂ ಸವಾರನೂ ಒಂದೇ ಆಗಬೇಕೆಂಬ ಜಪಾನೀ ಕಲ್ಪನೆ ಇದೆಯಂತೆ. ಲಿವರ್ ನೇರವಾಗಿ ಗೇರ್‌ಬಾಕ್ಸಿನ ಮೇಲೆಯೇ ಕೂತಿರುವುದರಿಂದ ಅದರ ಆಟ ಮೊದಲೇ ಚಿಕ್ಕದು. ಆದರೂ ನಾನು ಅಲ್ಲಿಗೆ ಹೋದಾಗ ಅವಳದು ಒಂದೇ ಹಟ: “ಅಮ್ಮ, ಶಾರ್ಟ್ ಶಿಫ್ಟರ್ ಹಾಕಿಸ್ತೇನೆ. ಕೈ ಇಷ್ಟೇ ಆಡಿಸಿದ್ರೆ ಸಾಕು!”

ಅವಳು ಚಿತ್ರ ಬರೆದು ತೋರಿಸಿದಾಗ ನನಗೆ ನೆನಪಾದದ್ದು ಅತ್ತೆಯವರ ಅಡಕತ್ತರಿ. ಅಡಿಕೆಯನ್ನು ಕೀಲಿನ ಹತ್ತಿರ ಇಟ್ಟರೆ ಹಿಡಿ ಹೆಚ್ಚು ದೂರ ಚಲಿಸಬೇಕು, ಆದರೆ ಹಗುರವಾಗಿ ತುಂಡಾಗುತ್ತದೆ. ಕೀಲಿನಿಂದ ದೂರ ಇಟ್ಟರೆ ಹಿಡಿಯ ಓಟ ಕಡಿಮೆ, ಕೈಗೆ ಬಲ ಜಾಸ್ತಿ ಬೇಕು. ಗೇರ್ ಲಿವರಿನದೂ ಇದೇ ಲೆಕ್ಕ. ಕೀಲಿನ ಮೇಲೆ 20 ಸೆಂಟಿಮೀಟರ್, ಕೆಳಗೆ 4 ಇದೆಯೆನ್ನಿ. ಕೆಳತುದಿ 1 ಸೆಂಟಿಮೀಟರ್ ಸರಿಯಲು ಕೈ 5 ಸರಿಯಬೇಕು. ಕೀಲನ್ನು 1 ಸೆಂಟಿಮೀಟರ್ ಮೇಲೇರಿಸಿದರೆ ಕೈ 3.8 ಸರಿದರೆ ಸಾಕು. ಆದರೆ ಒತ್ತಬೇಕಾದ ಬಲ ಸುಮಾರು ಮೂರನೇ ಒಂದು ಪಾಲು ಏರುತ್ತದೆ.

ಇನ್ನೊಂದು ಮಾತು. ಗೇರ್ ಕೂರುವ ಮುನ್ನ, ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ಉಜ್ಜಿ ಸಮವೇಗಕ್ಕೆ ತರಲು ಸಿಂಕ್ರೊನೈಸರ್ ಎಂಬ ಉಂಗುರವಿದೆ. ಲಿವರಿನ ಓಟ ಕಡಿಮೆಯಾಯಿತೆಂದು ಆ ಉಂಗುರ ಬೇಗ ಕೆಲಸ ಮುಗಿಸುವುದಿಲ್ಲ. ಆತುರದಲ್ಲಿ ನೂಕಿದರೆ ಅದೇ ಸವೆಯುತ್ತದೆ. ಆಮೇಲೆ ಗೇರ್‌ಬಾಕ್ಸನ್ನೇ ಬಿಚ್ಚಿಸಬೇಕು. ಆ ಖರ್ಚಿನ ಮುಂದೆ ಶಿಫ್ಟರಿನ ಬೆಲೆ ಏನೂ ಅಲ್ಲ.

“ಮೊದಲು ಇರುವುದಕ್ಕೆ ಏನಾಗಿದೆ ನೋಡು” ಎಂದೆ. ಮುಖ ಊದಿಸಿಕೊಂಡೇ ಗೆಳತಿಯ ಜೊತೆ ಸೇರಿ ಲಿವರ್ ಬಿಚ್ಚಿದಳು. ಬುಡದ ನೈಲಾನ್ ಬುಷ್ ಸವೆದಿತ್ತು, ರಬ್ಬರ್ ಬೂಟು ಹರಿದಿತ್ತು. ಇಪ್ಪತ್ತೈದು ವರ್ಷ ದುಡಿದರೆ ಯಾವುದು ತಾನೇ ಸವೆಯುವುದಿಲ್ಲ? ಅವೆರಡನ್ನೂ ಬದಲಿಸಿ, ಲಿವರಿನ ಬುಡಕ್ಕೆ ಹೊಸ ಎಣ್ಣೆ ಹಾಕಿದ ಮೇಲೆ ಅಲುಗಾಟ ನಿಂತಿತು. ನಮ್ಮೂರಿನ ಹೆಚ್ಚಿನ ಕಾರುಗಳಲ್ಲಿ ಲಿವರಿನಿಂದ ಗೇರ್‌ಬಾಕ್ಸಿಗೆ ಕೇಬಲ್ ಇರುತ್ತದೆ. ನೀವು ಆ ಕೇಬಲ್ ತುದಿಯ ಬುಷ್‌ಗಳನ್ನೂ ಕ್ಲಚ್ಚನ್ನೂ ಮೊದಲು ನೋಡಿಸಿ.

ಅದಾದ ಮೇಲೂ ಬೇಕೆನಿಸಿದರೆ ಖಂಡಿತ ಕೊಳ್ಳಿ. ನಿಮ್ಮ ಮಾಡೆಲಿಗಷ್ಟೇ ಅಲ್ಲ, ಅದರ ಗೇರ್‌ಬಾಕ್ಸಿಗೇ ಹೊಂದುವುದನ್ನು ಕೇಳಿ ತೆಗೆದುಕೊಳ್ಳಿ. ಐದು ಗೇರಿನದು ಆರು ಗೇರಿನದಕ್ಕೆ ಕೂರಬೇಕೆಂದಿಲ್ಲ. ಅತಿ ಗಿಡ್ಡದ್ದಕ್ಕಿಂತ ಓಟವನ್ನು ಹದವಾಗಿ ತಗ್ಗಿಸುವುದು ಲೇಸು. ರಬ್ಬರಿನ ಬದಲು ಲೋಹದ ಬುಷ್ ಇದ್ದರೆ ಹಿಡಿತ ಬಿಗಿ, ಆದರೆ ಸದ್ದೂ ನಡುಕವೂ ಒಳಗೆ ಬರುತ್ತವೆ. ವಾರಂಟಿ ಇನ್ನೂ ಇದ್ದರೆ ಮೊದಲೇ ವಿಚಾರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಹಾಕಿಸಿದ ಸ್ನೇಹಿತರ ಕಾರನ್ನು ಒಮ್ಮೆ ಓಡಿಸಿ ನೋಡಿ. ಖಾಲಿ ರಸ್ತೆಯಲ್ಲಲ್ಲ, ಸಂಜೆಯ ಟ್ರಾಫಿಕ್ಕಿನಲ್ಲಿ, ಗಳಿಗೆಗೊಮ್ಮೆ ಒಂದರಿಂದ ಎರಡಕ್ಕೆ ಹಾಕುತ್ತಾ.

ಮಗಳು ಎರಡು ತಿಂಗಳು ಕಾದು, ಗೆಳತಿಯ ಕಾರು ಓಡಿಸಿ ನೋಡಿ, ಕೊನೆಗೆ ಹದವಾದದ್ದೊಂದನ್ನು ಹಾಕಿಸಿದಳು. ನಾನು ಬೇಡವೆನ್ನಲಿಲ್ಲ. ಅವಳ ದುಡಿಮೆ, ಅವಳ ಕಾರು, ಅವಳ ಕೈ. ಹಳೆಯ ಲಿವರನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡಲು ಹೇಳಿ ಬಂದಿದ್ದೇನೆ.