ತಾನೇ ನಿಲ್ಲುವ ಗ್ರಾಮೊಫೋನು

ಕೀಲಿ ಕೊಟ್ಟು ನಡೆಯಿಸುವ ಗ್ರಾಮೊಫೋನಿಗೆ ವಿದ್ಯುಚ್ಛಕ್ತಿ ಬೇಕಾಗಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಹಾಡಿದಂತೆಯೇ ವಿದ್ಯುದ್ದೀಪವಿಲ್ಲದ ನಾಗಮಂಗಲದ ಹಳ್ಳಿಯಲ್ಲಿಯೂ ಅದು ಹಾಡಬಲ್ಲುದಾಗಿತ್ತು. ಆದರೆ ತಟ್ಟೆಯ ಒಂದು ಮಗ್ಗುಲು ಸುಮಾರು ಮೂರು ನಿಮಿಷಕ್ಕೇ ಮುಗಿಯುವುದು. ಎದ್ದುಹೋಗಿ ನಿಲ್ಲಿಸುವವರು ಬೇಕು.

ಇದಕ್ಕೆ ಎರಡು ಉಪಾಯಗಳು ಹುಟ್ಟಿದವು. ಒಂದು, ತಾನೇ ನಿಲ್ಲುವುದು: ಹಾಡು ಮುಗಿದೊಡನೆ ಮುಳ್ಳು ಒಳಗಣ ಓರೆಸುತ್ತಿನ ಗೆರೆಗೆ ಇಳಿಯುವುದು, ತೋಳು ಅತ್ತಿತ್ತ ತೂಗಿ ಸನ್ನೆಗೋಲನ್ನು ತಳ್ಳಲು ಬಿರಿ ಬೀಳುವುದು. ಈ ಗೆರೆಯಿಲ್ಲದ ಹಳೆಯ ತಟ್ಟೆಗಳಿಗೆ ನಿಲ್ಲುವ ಸ್ಥಳವನ್ನು ಮೊದಲೇ ಕೈಯಿಂದ ಗೊತ್ತುಮಾಡಬೇಕಾಗಿತ್ತು. ಇನ್ನೊಂದು, ತಾನೇ ಮರಳುವುದು: ಯಂತ್ರವು ತೋಳನ್ನೆತ್ತಿ ಮೊದಲ ಗೆರೆಯ ಮೇಲಿಡುವುದು.

ಎರಡರಲ್ಲಿ ಯಾವುದು ಮೇಲು? ಉಕ್ಕಿನ ಮುಳ್ಳು ಒಂದು ಮಗ್ಗುಲಿಗೆ ಮಾತ್ರ ತಕ್ಕುದು. ಸವೆದ ಮೇಲೂ ಓಡಿಸಿದರೆ ಗೆರೆಯನ್ನೇ ಕೆರೆಯುವುದು. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೌಹರ್ ಜಾನ್ ಅವರ ಕಂಠವು ಉಳಿದಿರುವುದು ಅಂಥ ಗೆರೆಗಳಿಂದಲೇ. ಆದುದರಿಂದ ಮರಳಿಸುವ ಯಂತ್ರಕ್ಕಿಂತ ನಿಲ್ಲಿಸುವ ಯಂತ್ರವೇ ಸಂಗೀತಕ್ಕೆ ಹೆಚ್ಚಿನ ಉಪಕಾರಿ.