ಪಿಲಾತನ ಕಲ್ಲು, ಯೆಶಾಯನ ಸುರುಳಿ

ಜೆರುಸಲೇಮಿನಲ್ಲಿ, ಇಸ್ರೇಲಿನ ಸಂಸತ್ ಭವನದ ಸಮೀಪ, ಅಚ್ಚ ಬಿಳುಪಿನ ಗುಮ್ಮಟವೊಂದಿದೆ. ಅದರ ಆಕಾರ ಜಾಡಿಯ ಮುಚ್ಚಳದ್ದು. ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ 1947ರಲ್ಲಿ ಬೆದುಯಿನ್ ಕುರುಬರ ಕೈಗೆ ಸಿಕ್ಕ ಚರ್ಮದ ಸುರುಳಿಗಳನ್ನು ಯಾರೋ ಇಂಥ ಮುಚ್ಚಳದ ಮಣ್ಣಿನ ಜಾಡಿಯಲ್ಲಿ ಬಚ್ಚಿಟ್ಟಿದ್ದರು. ಅವುಗಳಿಗಾಗಿಯೇ ಇಸ್ರೇಲ್ ಮ್ಯೂಸಿಯಂ ಆವರಣದಲ್ಲಿ 1965ರಲ್ಲಿ ಈ ಗ್ರಂಥಮಂದಿರ ತೆರೆಯಿತು. ಕಟ್ಟಡದ ಹೆಚ್ಚಿನ ಭಾಗ ನೆಲದಡಿಯಲ್ಲಿದೆ.

ಒಳಗೆ ಗುಮ್ಮಟದ ಕೆಳಗೆ, ನಟ್ಟನಡುವೆ, ಅವುಗಳಲ್ಲೊಂದಾದ ಪ್ರವಾದಿ ಯೆಶಾಯನ ಮಹಾಸುರುಳಿ ವೃತ್ತಾಕಾರವಾಗಿ ಹರಡಿಕೊಂಡಿದೆ. 17 ಚರ್ಮದ ಹಾಳೆಗಳನ್ನು ಹೊಲಿದು ಮಾಡಿದ ಇದರ ಉದ್ದ 7 ಮೀಟರಿಗೂ ಹೆಚ್ಚು. ಕಣ್ಣಿಗೆ ಕಾಣುವುದು ಪ್ರತಿಕೃತಿ. ಬೆಳಕಿಗೆ ಹಾಳಾಗುವ ಮೂಲವನ್ನು ಜೋಪಾನವಾಗಿ ಕಾಪಿಟ್ಟಿದ್ದಾರೆ. ಪ್ರವಾದಿಯ 66 ಅಧ್ಯಾಯಗಳೂ ಇದರಲ್ಲಿವೆ, ಅದೂ ಯೇಸುಸ್ವಾಮಿ ಹುಟ್ಟುವುದಕ್ಕೆ ನೂರು ವರ್ಷ ಮುಂಚಿನ ಕೈಬರಹದಲ್ಲಿ. ಇಂದು ಉಳಿದಿರುವ ಹೀಬ್ರೂ ಬೈಬಲಿನ ಅತಿ ಹಳೆಯ ಸಂಪೂರ್ಣ ಹಸ್ತಪ್ರತಿ 1008ನೇ ಇಸವಿಯದು. ಒಂದು ಸಾವಿರ ವರ್ಷಕ್ಕೂ ಮಿಕ್ಕಿದ ಅಂತರ! ಎರಡನ್ನೂ ಹೋಲಿಸಿದಾಗ ಕಾಗುಣಿತದಲ್ಲಿ, ಪದಗಳಲ್ಲಿ ವ್ಯತ್ಯಾಸಗಳು ಕಂಡವು. ಪ್ರವಾದಿಯ ಸಂದೇಶ ಮಾತ್ರ ಅದೇ ಆಗಿತ್ತು.

ನಲವತ್ತನೆಯ ಅಧ್ಯಾಯವನ್ನಂತೂ ನಿಂತು ನೋಡಬೇಕು. ಹುಲ್ಲು ಒಣಗಿದರೂ ದೇವರ ಮಾತು ಉಳಿಯುವುದೆಂದು ಸಾರುವ ವಚನಗಳ ಬಳಿಯೇ ಲಿಪಿಕಾರನ ಕಣ್ಣು ಜಾರಿ ಒಂದಿಷ್ಟು ಮಾತು ಬಿಟ್ಟುಹೋಗಿದೆ. ಮುಂದೆ ಇನ್ನೊಬ್ಬ ಅದನ್ನು ಸಾಲುಗಳ ನಡುವೆ, ಅಂಚಿನಲ್ಲಿ ಬರೆದು ಸೇರಿಸಿದ್ದಾನೆ. ದೇವರ ವಾಕ್ಯ ನಮ್ಮವರೆಗೆ ಬಂದದ್ದು ಹೀಗೆ, ತಪ್ಪುವ ಮನುಷ್ಯರ ಕೈಯಿಂದ, ಆ ತಪ್ಪನ್ನು ತಿದ್ದುವಷ್ಟು ಪ್ರೀತಿಯಿದ್ದ ಇನ್ನೊಬ್ಬರ ಕೈಯಿಂದ. ಇದನ್ನು ಕಂಡ ಮೇಲೆ ಸತ್ಯವೇದವನ್ನು ಮಡಿಲಲ್ಲಿ ಬಿಚ್ಚುವಾಗ ಆ ಅನಾಮಿಕರ ಋಣ ನೆನಪಾಗದೆ ಇರದು. ನಜರೇತಿನ ಸಭಾಮಂದಿರದಲ್ಲಿ ಯೇಸು ಓದಿದ್ದು ಯೆಶಾಯನ ಸುರುಳಿಯನ್ನೇ ಎಂದು ಲೂಕನು ಬರೆದಿದ್ದಾನೆ. ಬಿಚ್ಚುತ್ತಾ, ಸುತ್ತುತ್ತಾ, ಬೇಕಾದ ಭಾಗವನ್ನು ಹುಡುಕುವುದೆಂದರೇನೆಂದು ಇಲ್ಲಿ ತಿಳಿಯುತ್ತದೆ.

ಅದೇ ಮ್ಯೂಸಿಯಂನ ಪುರಾತತ್ವ ವಿಭಾಗದಲ್ಲಿ ಒಡೆದ ಸುಣ್ಣಕಲ್ಲೊಂದಿದೆ. ಕೈಸರೈಯದ ಹಳೆಯ ರಂಗಮಂದಿರದಲ್ಲಿ ಯಾರೋ ಮೆಟ್ಟಿಲಾಗಿ ಬಳಸಿದ್ದ ಇದನ್ನು 1961ರಲ್ಲಿ ಇಟಲಿಯ ಉತ್ಖನನಕಾರರು ಪತ್ತೆಹಚ್ಚಿದರು. ಅರೆಬರೆ ಅಳಿಸಿದ ಲ್ಯಾಟಿನ್ ಅಕ್ಷರಗಳಲ್ಲಿ ರೋಮನ್ ಅಧಿಪತಿ ಪಿಲಾತನ ಹೆಸರೂ ಯೂದಾಯದಲ್ಲಿ ಅವನಿಗಿದ್ದ ಪದವಿಯೂ ಉಳಿದಿವೆ. ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಿ ಯೇಸುವನ್ನು ಬಿಟ್ಟರೆ ಬರುವ ಮನುಷ್ಯರ ಹೆಸರು ಎರಡೇ: ಮರಿಯ ಮತ್ತು ಪಿಲಾತ. ಚರ್ಚಿನಲ್ಲಿ ಬಾಯಿಪಾಠವಾಗಿ ಹೇಳಿಬಿಡುವ ಆ ಹೆಸರು ಕಲ್ಲಿನ ಮೇಲೆ ಕಂಡಾಗ, ಶಿಲುಬೆ ಒಂದು ಆಡಳಿತದಲ್ಲಿ, ಒಬ್ಬ ಅಧಿಕಾರಿಯ ಆಜ್ಞೆಯಿಂದ ನಡೆದ ಘಟನೆ ಎಂಬುದು ಎದೆಗೆ ನಾಟುತ್ತದೆ. 1990ರಲ್ಲಿ ದಕ್ಷಿಣ ಜೆರುಸಲೇಮಿನ ಸಮಾಧಿಯಲ್ಲಿ ದೊರೆತ, ಕಾಯಫನ ಹೆಸರು ಕೊರೆದ ಅಸ್ಥಿಪೆಟ್ಟಿಗೆಯೂ ಇಲ್ಲೇ ಇದೆ. ಅದು ಯೇಸುವನ್ನು ವಿಚಾರಿಸಿದ ಮಹಾಯಾಜಕ ಕಾಯಫನದೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಇವು ಯಾವುವೂ ಪುನರುತ್ಥಾನವನ್ನು ಸಾಬೀತುಪಡಿಸುವುದಿಲ್ಲ. ಪಿಲಾತನ ಕಲ್ಲಿನಲ್ಲಿ ಯೇಸುವಿನ ಹೆಸರಿಲ್ಲ. ವಸ್ತುಗಳು ಮೋಸ ಮಾಡುವುದೂ ಉಂಟು: ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಂ ತನ್ನಲ್ಲಿದ್ದ ಮೃತ ಸಮುದ್ರ ಸುರುಳಿಗಳ 16 ತುಣುಕುಗಳೂ ನಕಲಿ ಎಂದು 2020ರಲ್ಲಿ ಪ್ರಕಟಿಸಿತು. ವಸ್ತುವಿಗೆ ಜೋತುಬಿದ್ದ ನಂಬಿಕೆ ವಸ್ತುವಿನೊಂದಿಗೇ ಬಿದ್ದುಹೋಗುತ್ತದೆ. ನಂಬುವವನಿಗೆ ಇವು ಕೊಡುವುದು ಬೇರೆಯದನ್ನು: ತಾನು ನಂಬಿದ್ದು ಮಣ್ಣು, ಕಲ್ಲು, ತಾರೀಖುಗಳಿದ್ದ ಲೋಕದಲ್ಲೇ ನಡೆಯಿತೆಂಬ ನೆಲೆ.

ಪವಿತ್ರ ನಾಡಿನ ಯಾತ್ರೆಗೆ ಹೊರಡುವ ನಮ್ಮವರು ಈ ಮ್ಯೂಸಿಯಂಗೆಂದೇ ಅರ್ಧ ದಿನ ತೆಗೆದಿಡಬೇಕು. ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲದಿದ್ದರೆ ಕೇಳಿ ಸೇರಿಸಿಕೊಳ್ಳಿ. ಹೋಗುವ ಮುನ್ನ ಯೆಶಾಯನ ನಲವತ್ತನೆಯ ಅಧ್ಯಾಯವನ್ನೂ ಲೂಕನ ನಾಲ್ಕನೆಯದನ್ನೂ ಓದಿಕೊಳ್ಳಿ. ಅಷ್ಟು ದೂರ ಹೋಗಲಾಗದವರೂ ನಿರಾಶರಾಗಬೇಕಿಲ್ಲ: ಇಡೀ ಸುರುಳಿಯ ಚಿತ್ರಗಳನ್ನು ಮ್ಯೂಸಿಯಂ 2011ರಲ್ಲೇ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ.